ಆರು ಪೈಸೆಯ ಹಕ್ಕು

ಇಂದು ಪದವಿ ಪಡೆದ ಎಳೆಯ ಮಿತ್ರರೇ,

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹಳ್ಳಿಗಳಿಂದ ಬಂದ ನಿಮ್ಮಲ್ಲಿ ನನ್ನದೊಂದು ಕೋರಿಕೆ. ಮನೆಯ ತೆರಿಗೆಯ ಲೆಕ್ಕದಲ್ಲಿ ಗ್ರಂಥಾಲಯ ಕರ ಎಷ್ಟಿದೆ ಎಂದು ನೋಡಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಅದು ತೆರಿಗೆಯ ರೂಪಾಯಿಗೆ ಆರು ಪೈಸೆ. ಸರ್ಕಾರದ ಅನುದಾನವೂ ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ನೆರವೂ ಸಾರ್ವಜನಿಕ ಗ್ರಂಥಾಲಯಗಳಿಗೆ ಸಲ್ಲುತ್ತವೆ. 2019ರಲ್ಲಿ ಪಂಚಾಯತ್ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಈಗ ಅವು ಅರಿವು ಕೇಂದ್ರಗಳು. 2020ರ ‘ಓದುವ ಬೆಳಕು’ ಅಭಿಯಾನ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವವನ್ನು ಉಚಿತವಾಗಿಸಿತು.

ಕರ, ಅನುದಾನಗಳ ಈ ಹಣ ಮೊದಲು ಮುಟ್ಟಬೇಕಾದದ್ದು ಯಾರನ್ನು? ನಮ್ಮ ಬುಡಕಟ್ಟುಗಳನ್ನು: ಕಾಡುಬಿಳಲಿನಿಂದ ಬುಟ್ಟಿ ಹೆಣೆಯುವ ಕೊರಗರನ್ನು, ಕುದುರೆಮುಖದ ತಪ್ಪಲಲ್ಲಿ ಬಾಳುವ ಮಲೆಕುಡಿಯರನ್ನು. 2011ರ ಜನಗಣತಿಯಲ್ಲಿ ಕರ್ನಾಟಕದ ಕೊರಗರು 15 ಸಾವಿರವನ್ನೂ ಮುಟ್ಟಲಿಲ್ಲ. ಅವರನ್ನು ಅವಮಾನಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ 2000ದಲ್ಲಿ ಬಂತು. ಮಲೆಕುಡಿಯರಂಥ ಕಾಡಿನ ಜನರಿಗೆ ನೆಲದ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆ 2006ರದು. ತನ್ನನ್ನು ಕಾಯುವ ಕಾಯ್ದೆಯನ್ನು ತಿಳಿಗನ್ನಡದಲ್ಲಿ ಓದಿಕೊಳ್ಳುವ ಜಾಗ ಊರಲ್ಲಿ ಇಲ್ಲದಿದ್ದರೆ ಆ ಕಾಯ್ದೆ ಯಾರ ಕೈಗೆ ಬಂದಂತಾಯಿತು?

ಓದುವ ಜಾಗದ ಜತೆಗೆ ಅರಿವನ್ನು ಕಾಪಿಡುವ ಜಾಗವೂ ಬೇಕು. ಮೂಡುಬಿದಿರೆಯ ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಉಳಿದವು. ಅವು ತಮ್ಮವೆಂದು ತಿಳಿದ ಜನ ಖರ್ಚು ಹಾಕಿ, ಕಾವಲಿದ್ದು ಕಾಪಾಡಿದರು. ಕೊರಗ ನುಡಿಗೆ, ಮಲೆಕುಡಿಯರ ಮದ್ದಿನ ಅರಿವಿಗೆ ಅಂಥ ಕಪಾಟು ಸಿಗಲಿಲ್ಲ. ಅಜ್ಜಿಯಂದಿರ ನಾಲಗೆಯ ಮೇಲಿರುವುದನ್ನು ಅವರ ಒಪ್ಪಿಗೆ ಪಡೆದು, ಅವರ ಮಕ್ಕಳೇ ಬರೆದು, ದನಿ ಹಿಡಿದು ಇಡಬೇಕು. ಆ ದುಡಿಮೆಗೆ ಸಂಬಳ ಕೊಡುವುದೂ ಅನುದಾನದ ಕೆಲಸವೇ.

ಅಮೆರಿಕದಲ್ಲಿ ಮೂಲನಿವಾಸಿಗಳ ಗ್ರಂಥಾಲಯ ಅನುದಾನವನ್ನು ಬುಡಕಟ್ಟುಗಳಿಗೇ ನೇರವಾಗಿ ಕೊಡುವ ಯೋಜನೆ ರೂಪುಗೊಂಡಿತು. ಅದರ ತಿರುಳು ನಮಗೂ ಬೇಕು: ಯಾವ ಪುಸ್ತಕ ಕೊಳ್ಳಬೇಕು, ಬಾಗಿಲು ಎಷ್ಟು ಹೊತ್ತಿಗೆ ತೆರೆಯಬೇಕು ಎಂಬುದನ್ನು ಓದುವವರೇ ಹೇಳಲಿ. ದಿನವಿಡೀ ದುಡಿಯುವ ಕೊರಗರ ಕಾಲೊನಿಯವರಿಗೆ ಸಂಜೆ ಮುಚ್ಚಿರುವ ಅರಿವು ಕೇಂದ್ರದಿಂದ ಏನು ಪ್ರಯೋಜನ?

ಮಿತ್ರರೇ, ನೀವು ಅಧ್ಯಾಪಕರಾಗುವಿರಿ, ಅಧಿಕಾರಿಗಳಾಗುವಿರಿ, ಪಂಚಾಯತ್ ಸದಸ್ಯರೂ ಆಗುವಿರಿ. ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ. ಗ್ರಂಥಾಲಯ ಕರ ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂದು ಎದ್ದು ನಿಂತು ಕೇಳಿ. ಕೊರಗ, ಮಲೆಕುಡಿಯ ಗೆಳೆಯರನ್ನು ಜತೆಗೆ ಕರೆದೊಯ್ಯಿರಿ; ಮೊದಲು ಅವರೇ ಮಾತಾಡಲಿ. ಈ ಸಭೆಯಲ್ಲಿ ಆ ಮನೆಗಳ ಮಕ್ಕಳೂ ಇರಬಹುದು. ಅವರಿಗೆ ಹೇಳುತ್ತೇನೆ: ಆ ಆರು ಪೈಸೆ ಯಾರ ದಾನವೂ ಅಲ್ಲ, ನಿಮ್ಮ ಪಾಲು. ಕೇಳಿ ಪಡೆಯಿರಿ.