ದೆಹಲಿಯ ಚಳಿಗಾಲದ ಗಾಳಿ ಮತ್ತು ನಮ್ಮ ಬೆಳಗಿನ ವಾಕಿಂಗ್

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣ)



ದೀಪಾವಳಿ ಮುಗಿಯುತ್ತಿದ್ದಂತೆ ಊರಿನಿಂದ ಫೋನ್ ಬರುತ್ತದೆ: "ದೆಹಲಿ ಗಾಳಿ ತುಂಬ ಕೆಟ್ಟಿದೆಯಂತೆ, ಹುಷಾರಾಗಿರಿ." ಹುಷಾರಾಗಿರುವುದು ಅಂದರೆ ಏನು ಮಾಡುವುದು? ಕೂಳೆ ಸುಡುವುದು, ವಾಹನಗಳ ಹೊಗೆ, ಕಟ್ಟಡದ ಧೂಳು ಇವನ್ನೆಲ್ಲ ಟಿವಿಯಲ್ಲಿ ಬೇಕಾದಷ್ಟು ಕೇಳಿದ್ದೇವೆ. ಅವನ್ನು ಸರಿಪಡಿಸಬೇಕಾದವರು ಸರ್ಕಾರದವರು. ನಾನು ಇವತ್ತು ಹೇಳುವುದು ನಮ್ಮ ಕೈಯಲ್ಲೇ ಇರುವ ಒಂದು ಸಂಗತಿ: ಹೊರಗೆ ಹೋಗುವ ಹೊತ್ತು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದಿನಾ ಸಂಜೆ 4ಕ್ಕೆ ಪ್ರಕಟಿಸುವ ಎಕ್ಯೂಐ, ಹಿಂದಿನ 24 ಗಂಟೆಗಳ ಸರಾಸರಿ. ನಮ್ಮ ಐಟಿ ಕೆಲಸದಲ್ಲಿ ಸರ್ವರ್ ಮೇಲಿನ ಸರಾಸರಿ ಲೋಡ್ ನೋಡಿ ಯಾರೂ ನೆಮ್ಮದಿಯಾಗಿ ಮಲಗುವುದಿಲ್ಲ. ಅತಿ ಹೆಚ್ಚು ಲೋಡ್ ಯಾವಾಗ ಅಂತ ನೋಡುತ್ತೇವೆ. ಗಾಳಿಯದೂ ಹಾಗೆಯೇ. ನವೆಂಬರ್-ಜನವರಿಯಲ್ಲಿ ರಾತ್ರಿ ನೆಲ ತಣ್ಣಗಾಗುತ್ತದೆ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಕೆಳಗೇ ಕೂರುತ್ತದೆ. ಮೇಲೆ ಬೆಚ್ಚಗಿನ ಗಾಳಿಯ ಪದರ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ನಿಲ್ಲುತ್ತದೆ. ರಾತ್ರಿಯ ಲಾರಿಗಳ ಹೊಗೆ, ಬೀದಿಬದಿಯ ಬೆಂಕಿ, ಬೆಳಗಿನ ಟ್ರಾಫಿಕ್ ಎಲ್ಲ ಆ ಮುಚ್ಚಳದ ಕೆಳಗೆ. ಬಿಸಿಲೇರಿ ನೆಲ ಕಾದ ಮೇಲೆಯೇ ಅದು ಏಳುವುದು. ಹಾಗಾಗಿ ಸಾಮಾನ್ಯವಾಗಿ ಮಧ್ಯಾಹ್ನ ಒಂದರಿಂದ ನಾಲ್ಕರ ನಡುವೆ ಗಾಳಿ ಸ್ವಲ್ಪ ವಾಸಿ. ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಶುದ್ಧ ಗಾಳಿ ಸೇವಿಸಿ ಅಂತ ನಮ್ಮ ಅಜ್ಜಿಯರು ಹೇಳಿದ್ದು ಶಿರಸಿಗೆ, ತೀರ್ಥಹಳ್ಳಿಗೆ ಸರಿ. ಚಳಿಗಾಲದ ದ್ವಾರಕಾಗೋ ರೋಹಿಣಿಗೋ ಅಲ್ಲ.

ದಟ್ಟ ಮಂಜು ಕವಿದು ಬಿಸಿಲೇ ಬಾರದ ದಿನ ಮಧ್ಯಾಹ್ನವೂ ಕೆಟ್ಟದ್ದೇ. ಅದಕ್ಕೇ ಮಂಡಳಿಯ ವೆಬ್‌ಸೈಟಿನಲ್ಲಿ ನಿಮ್ಮ ಹತ್ತಿರದ ಕೇಂದ್ರದ ಪಿಎಂ 2.5 ಪ್ರಮಾಣವನ್ನು ಗಂಟೆಗಂಟೆಗೂ ನೋಡಿಕೊಳ್ಳಿ. ನಮ್ಮ ದೇಶದ ಮಿತಿ ದಿನದ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15.

ಈ ಕಣಗಳು ಮೂಗು, ಗಂಟಲು ದಾಟಿ ಶ್ವಾಸಕೋಶದ ತಳಕ್ಕೆ ಹೋಗುತ್ತವೆ, ಅತಿ ಸಣ್ಣವು ರಕ್ತಕ್ಕೂ ಸೇರುತ್ತವೆ. ಕೆಮ್ಮು, ಆಸ್ತಮಾ ಮಾತ್ರವಲ್ಲ. ಹೃದಯಾಘಾತ, ಪಾರ್ಶ್ವವಾಯು, ಹುಟ್ಟುವ ಮಗುವಿನ ತೂಕ ಕಡಿಮೆಯಾಗುವುದು, ಎಲ್ಲಕ್ಕೂ ಇದರ ನಂಟಿದೆ. ಹೊರಗಿನ ಗಾಳಿಯ ಮಾಲಿನ್ಯ ಕ್ಯಾನ್ಸರ್‌ಕಾರಕ ಎಂದು 2013ರಲ್ಲೇ ಘೋಷಣೆಯಾಗಿದೆ. ಸುಮ್ಮನೆ ಕೂತಾಗ ನಾವು ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಎಳೆದುಕೊಳ್ಳುತ್ತೇವೆ, ಓಡುವಾಗ ಅದರ ಹಲವು ಪಟ್ಟು. ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ನಮಗಿಂತ ಹೆಚ್ಚು ಉಸಿರಾಡುತ್ತಾರೆ.

ಮಾಸ್ಕ್ ಹಾಕುವುದಾದರೆ ಎನ್95, ಮುಖಕ್ಕೆ ಬಿಗಿಯಾಗಿ ಕೂರುವಂಥದ್ದು. ದುಪಟ್ಟಾ ಸುತ್ತಿಕೊಂಡರೆ ಚಳಿಗೆ ಆದೀತು, ಅಷ್ಟೇ.

ಮನೆಯ ಕಿಟಕಿಗಳಿಗೂ ಇದೇ ಲೆಕ್ಕ. ಬೆಳಗ್ಗೆ ಎದ್ದ ಕೂಡಲೇ ತೆರೆಯಬೇಡಿ, ಮಧ್ಯಾಹ್ನ ತೆರೆಯಿರಿ. ಕಿಟಕಿ ಮುಚ್ಚಿದ್ದಾಗ ಒಗ್ಗರಣೆ ಹೊಗೆಗೆ ಅಡುಗೆಮನೆಯ ಫ್ಯಾನ್ ಹಾಕಿ, ದೇವರಿಗೆ ಒಂದು ಊದುಬತ್ತಿ ಸಾಕು, ಸೊಳ್ಳೆಗೆ ಬತ್ತಿಯ ಬದಲು ಪರದೆ ಕಟ್ಟಿ.

ಇನ್ನೊಂದು ಮಾತು. ರಾತ್ರಿ ನಮ್ಮ ಗೇಟಿನ ಕಾವಲುಗಾರರು ಸೌದೆ, ರಟ್ಟು, ಕೆಲವೊಮ್ಮೆ ಪ್ಲಾಸ್ಟಿಕ್ ಕೂಡ ಸುಟ್ಟು ಚಳಿ ಕಾಯಿಸಿಕೊಳ್ಳುತ್ತಾರೆ. ಆ ಹೊಗೆ ಮೊದಲು ಹೋಗುವುದು ಅವರ ಎದೆಗೇ. ಅವರನ್ನು ಬೈದು ಪ್ರಯೋಜನವಿಲ್ಲ. ಅವರಿಗೆ ವಿದ್ಯುತ್ ಹೀಟರ್ ಕೊಡಬೇಕೆಂದು ದೆಹಲಿಯ ಮಾಲಿನ್ಯ ನಿಯಂತ್ರಣ ಯೋಜನೆಯಾದ ಗ್ರ್ಯಾಪ್‌ನಲ್ಲೇ ನಿವಾಸಿ ಸಂಘಗಳಿಗೆ ಸೂಚನೆಯಿದೆ. ನಿಮ್ಮ ಸೊಸೈಟಿ ಸಭೆಯಲ್ಲಿ ಕೇಳಿ. ಗಂಡಸರು ಪಾರ್ಕಿಂಗ್ ಜಗಳ ಮುಗಿಸಿದ ಮೇಲಾದರೂ ಕೇಳಿ!

ಕೊನೆಗೆ, ಸಂಘದ ಸಮಿತಿಗೆ ಒಂದು ಕೋರಿಕೆ. ರಾಜ್ಯೋತ್ಸವ ಬರುವುದೇ ಇಲ್ಲಿ ಗಾಳಿ ಅತ್ಯಂತ ಕೆಡುವ ತಿಂಗಳಲ್ಲಿ. ಮಕ್ಕಳ ಓಟದ ಸ್ಪರ್ಧೆ ಬೆಳಗ್ಗೆ 7ಕ್ಕೆ ಬೇಡ, ಮಧ್ಯಾಹ್ನ 2ಕ್ಕೆ ಇಡೋಣ. ಊಟದ ಹೊತ್ತು ಆಚೀಚೆ ಆಗುತ್ತದೆ ಎನ್ನುವುದು ಗೊತ್ತು, ಬಿಸಿಬೇಳೆಬಾತ್ ಓಟದ ನಂತರ ಬಡಿಸಬಹುದು. ಅವತ್ತು ಗಾಳಿ ತೀರಾ ಕೆಟ್ಟಿದ್ದರೆ ಓಟ ಬಿಟ್ಟು ಸಭಾಂಗಣದೊಳಗೆ ರಸಪ್ರಶ್ನೆ ಮಾಡೋಣ. ಓಟವನ್ನು ಫೆಬ್ರವರಿ ಕೊನೆಗೆ ಇಟ್ಟುಕೊಂಡರೂ ಮಕ್ಕಳೇನೂ ಬೇಡ ಅನ್ನುವುದಿಲ್ಲ.