ಅಗೆದ ನೆಲಕ್ಕೆ ಮತ್ತೆ ಮಣ್ಣು
(ವಾಚನಾಲಯದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಊರಲ್ಲಿ ಎಕರೆಯೋ ಎರಡೆಕರೆಯೋ ಹೊಲವಿದ್ದು, ಮುಂದೊಂದು ದಿನ ಅಲ್ಲಿಗೆ ಹಿಂದಿರುಗುವ ಆಸೆ ನಮ್ಮಲ್ಲಿ ಬಹುಮಂದಿಗೆ ಉಂಟು. ಬಳ್ಳಾರಿ, ಸಂಡೂರು, ಹೊಸಪೇಟೆಗಳ ಕಡೆಯವರಿಗೆ ಆ ಹೊಲದ ಮೇಲ್ಗಡೆಯ ಗುಡ್ಡದಲ್ಲಿ ಗಣಿಯೂ ಇರಬಹುದು. ಗಣಿ ಮುಗಿದ ಮೇಲೆ ಆ ನೆಲದ ಗತಿಯೇನು ಎಂಬುದು ಅಂಥವರಿಗೆ ಹೊಟ್ಟೆಪಾಡಿನ ಪ್ರಶ್ನೆ. ಈ ದಿನ ಅದನ್ನೇ ಎತ್ತಿಕೊಂಡಿದ್ದೇವೆ. ನಾವು ಮಿಲ್ಲಿನಲ್ಲಿ ಲೆಕ್ಕ ಬರೆಯುವವರು. ಲೆಕ್ಕದ ಮಾತಿನಲ್ಲೇ ಅರಿಕೆ ಮಾಡುತ್ತೇವೆ.

ಗಣಿಯೇ ಬೇಡವೆಂಬುದು ನಮ್ಮ ವಾದವಲ್ಲ. ಮಿಲ್ಲಿನ ಯಂತ್ರವೂ ಕಬ್ಬಿಣ, ನೇಗಿಲಿನ ಗುಳವೂ ಕಬ್ಬಿಣ. ಆದರೆ ಅದಿರನ್ನು ಒಮ್ಮೆ ಮಾರಿದರೆ ಮುಗಿಯಿತು. ಅದರ ಮೇಲಿನ ಗೇಣುದ್ದದ ಮಣ್ಣಾದರೋ ವರುಷವರುಷವೂ ಬಡ್ಡಿ ಕೊಡುವ ಅಸಲು. ಕೊಳೆತ ಎಲೆ, ಬೇರು, ಎರೆಹುಳ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು, ಹುಲ್ಲಿನ ಬೀಜ, ಎಲ್ಲವೂ ಆ ಗೇಣಿನಲ್ಲೇ ಇವೆ. ಒಂದಂಗುಲ ಮಣ್ಣು ತಾನಾಗಿ ಹುಟ್ಟಲು ನೂರಾರು ವರ್ಷ ಬೇಕು. ಗಣಿಯವರು ಅದನ್ನು ಕಲ್ಲುಮಣ್ಣಿನ ರಾಶಿಯೊಳಗೆ ಬೆರೆಸಿಬಿಟ್ಟರೆ ಅಸಲೇ ಹೋಯಿತು. ಉಳಿದ ರಾಶಿಯಲ್ಲಿ ನೀರು ನಿಲ್ಲದು, ಬೇರು ಹಿಡಿಯದು. ಮಳೆ ಬಂದಾಗ ಅದು ಕೆಂಪು ಹೂಳಾಗಿ ಹಳ್ಳಕ್ಕೂ, ಕೆರೆಗೂ, ಕೆಳಗಿನವರ ಹೊಲಕ್ಕೂ ಇಳಿಯುತ್ತದೆ.

ಆದ್ದರಿಂದ ಮೊದಲ ದಿನವೇ ಮೇಲ್ಮಣ್ಣನ್ನು ಬೇರೆ ತೆಗೆದಿಡಬೇಕು. ಇದು ಕಾನೂನೂ ಹೌದು. 1988ರ ಖನಿಜ ಸಂರಕ್ಷಣಾ ನಿಯಮಗಳಲ್ಲಿಯೂ, ಅವುಗಳ ಜಾಗಕ್ಕೆ ಬಂದ 2017ರ ನಿಯಮಗಳಲ್ಲಿಯೂ ಇದೆ. ಆ ಮಣ್ಣನ್ನು ಎತ್ತರದ ಗುಪ್ಪೆ ಹಾಕಿ ವರ್ಷಗಟ್ಟಲೆ ಬಿಟ್ಟರೆ ಒಳಗೆ ಗಾಳಿಯಾಡದೆ ಜೀವ ಸಾಯುತ್ತದೆ. ತಗ್ಗಾಗಿ ಹರಡಿ, ಮೇಲೆ ಹುಲ್ಲು ಬೆಳೆಸಿ, ಬೇಗನೆ ಉಪಯೋಗಿಸಬೇಕು.

ಇನ್ನು ಕೆಟ್ಟ ನೆಲವನ್ನು ಸರಿಪಡಿಸುವ ಕ್ರಮ. ಮೊದಲು ರಾಶಿಯ ಇಳಿಜಾರನ್ನು ತಗ್ಗಿಸಿ, ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಬುಡಕ್ಕೆ ಕಲ್ಲಿನ ಗೋಡೆ ಕಟ್ಟಬೇಕು. ಬಳಿಕ ಸುತ್ತಲೂ ಕಾಲುವೆ ತೋಡಿ, ಹೂಳು ತಂಗುವ ಗುಂಡಿ ಮಾಡಿ, ಹಳ್ಳಕ್ಕೆ ತಡೆ ಒಡ್ಡು ಹಾಕಬೇಕು. ಆಮೇಲೆ ಮೇಲ್ಮಣ್ಣು ಹರಡುವುದು. ಅದಿಲ್ಲವಾದರೆ ಕೊಟ್ಟಿಗೆ ಗೊಬ್ಬರ, ಒಳ್ಳೆಯ ಕೆರೆಗೋಡು. ಇಳಿಜಾರಿನಲ್ಲಿ ತೆಂಗಿನ ನಾರಿನ ಚಾಪೆ ಹಾಸಿದರೆ ಬೀಜ ಕೊಚ್ಚಿಹೋಗದು. ಮೊದಲು ಹುಲ್ಲು ಮತ್ತು ಸಾರಜನಕ ಕಟ್ಟುವ ದ್ವಿದಳ ಗಿಡ, ಆಮೇಲೆ ಆ ಸೀಮೆಯದೇ ಮರಗಳಾದ ಹೊಂಗೆ, ಬೇವು, ಕಮರ. ಈ ಕ್ರಮ ಬಿಟ್ಟು ಬರಿಯ ಕಲ್ಲಿನಲ್ಲಿ ಗುಂಡಿ ತೆಗೆದು ಸಸಿ ನಿಲ್ಲಿಸಿ ಸಂಖ್ಯೆ ಬರೆದುಕೊಳ್ಳುವುದು, ಖಾತೆಯಲ್ಲಿ ಜಮೆ ತೋರಿಸಿ ಪೆಟ್ಟಿಗೆ ಬರಿದಾಗಿಟ್ಟಂತೆ.

ಬಳ್ಳಾರಿಯ ಸಂಗತಿ ತಮಗೆ ತಿಳಿದದ್ದೇ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಅಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು; ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರುಗಳಲ್ಲಿಯೂ ನಿಂತಿತು. ಕೂಲಿಕಾರರಿಗೂ ಲಾರಿಯವರಿಗೂ ಕಷ್ಟವಾಯಿತು, ಅದನ್ನು ಮರೆಯಬಾರದು. 2013ರ ಏಪ್ರಿಲ್ 18ರ ತೀರ್ಪು, ಅಕ್ರಮ ಹೆಚ್ಚಾಗಿದ್ದ ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಉಳಿದ ಗಣಿಗಳಿಗೆ ನೆಲದ ಪುನಶ್ಚೇತನ ಯೋಜನೆಯ ಷರತ್ತು ಬಿತ್ತು. ಒಂದೊಂದು ಗಣಿಗೂ ಬೇರೆ ಬೇರೆ ಯೋಜನೆ ಬರೆದವರು ಡೆಹರಾಡೂನಿನ ಅರಣ್ಯ ಸಂಶೋಧನಾ ಮಂಡಳಿಯವರು. 2020ರ ಜನವರಿಯಲ್ಲಿ ಅದೇ ಕೋರ್ಟು ಇನ್ನೊಂದು ಮಾತು ಹೇಳಿತು: ಗಣಿ ಮುಗಿದ ಮೇಲೆ ಗುತ್ತಿಗೆದಾರನು ತನ್ನ ಖರ್ಚಿನಲ್ಲೇ ಹುಲ್ಲು ಬೆಳೆಸಿ, ನೆಲವನ್ನು ಮೇವು ಬೆಳೆಯುವ ಸ್ಥಿತಿಗೆ ತರಬೇಕು. ಈ ‘ಮೇವು’ ಎಂಬ ಮಾತು ನಮಗೆ ಬಹಳ ಮುಖ್ಯ. ದೂರದಿಂದ ಹಸುರು ಕಂಡರೆ ಸಾಲದು, ದನ ಬಾಯಿ ಹಾಕುವಂತಿರಬೇಕು.

ಹಾಗಾದರೆ ನಾಲ್ಕುನೂರು ಮೈಲು ದೂರದಲ್ಲಿರುವ ನಮ್ಮಿಂದ ಏನಾದೀತು? ಹಬ್ಬಕ್ಕೋ ಜಾತ್ರೆಗೋ ರಜೆಯ ಮೇಲೆ ಊರಿಗೆ ಹೋಗುತ್ತೇವೆ. ಗ್ರಾಮಸಭೆ ನಡೆದರೆ ನಾಲ್ಕು ಮಾತು ಕೇಳೋಣ. ತೆಗೆದ ಮೇಲ್ಮಣ್ಣು ಎಲ್ಲಿದೆ? ರಾಶಿಯ ಬುಡಕ್ಕೆ ಗೋಡೆ ಕಟ್ಟಿದ್ದಾರೆಯೇ? ನೆಟ್ಟ ಸಸಿಗಳಲ್ಲಿ ಮೂರು ಬೇಸಿಗೆ ದಾಟಿ ಬದುಕಿದವೆಷ್ಟು? ಕೆರೆಯಲ್ಲಿ ತುಂಬಿದ ಹೂಳನ್ನು ಯಾರು ಎತ್ತಿಸುತ್ತಾರೆ? ಓದು ಬಾರದ ಹಿರಿಯರಿದ್ದರೆ ಅವರ ಪರವಾಗಿ ಅರ್ಜಿ ಬರೆದುಕೊಡೋಣ. ಆ ವಿದ್ಯೆ ನಮ್ಮ ಕೈಯಲ್ಲಿದೆ. ಅರ್ಜಿಯ ನಕಲೊಂದನ್ನು ಇಟ್ಟುಕೊಂಡು, ಮರುವರುಷ ಹೋದಾಗ ಅದನ್ನೇ ಮುಂದಿಟ್ಟು ಕೇಳೋಣ.

ಅದಿರಿನ ಹಣ ಬಂದ ದಾರಿಯಲ್ಲೇ ಹೋದೀತು. ಮಣ್ಣು ಉಳಿದರೆ ನಮ್ಮ ಮಕ್ಕಳಿಗೆ ಊರೊಂದು ಉಳಿಯುತ್ತದೆ.