ಕನ್ನಡಿ ಬಿಚ್ಚಿದ ಬೈಕು

ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿಯಿಂದ ದಕ್ಷಿಣಕ್ಕೆ ಒಂದೂವರೆ ಗಂಟೆ ಕಾರಿನಲ್ಲಿ ಹೋದರೆ, 1957ರಲ್ಲಿ ಶುರುವಾದ ಲಗೂನಾ ಸೆಕಾ ರೇಸ್ ಟ್ರ್ಯಾಕ್. ಅಲ್ಲಿ ಮೊದಲ ಸಲ ಬೈಕ್ ಓಡಿಸಹೊರಟವರ ತಯಾರಿ ಮನೆಯ ಗ್ಯಾರೇಜಿನಲ್ಲೇ ಶುರು. ರೇಡಿಯೇಟರಿನ ಕೂಲಂಟ್ ಬಸಿದು ನೀರು ತುಂಬಿಸುವುದು ಸಾಮಾನ್ಯ ಕ್ರಮ. ಕೂಲಂಟ್ ಚೆಲ್ಲಿದರೆ ಟ್ರ್ಯಾಕ್ ಜಾರುತ್ತದೆ, ಒರೆಸಿದರೂ ಬೇಗ ಹೋಗದು. ಬೀಳುವವರು ಹಿಂದೆ ಬರುವವರು. ದೀಪಗಳಿಗೆ ಟೇಪು ಅಂಟಿಸುವುದೂ ಒಡೆದ ಚೂರು ಚೆಲ್ಲದಿರಲೆಂದೇ. ನೋಡಿ, ತಯಾರಿಯಲ್ಲಿ ಅರ್ಧ ಪಾಲು ಪರಿಚಯವೇ ಇಲ್ಲದವರಿಗಾಗಿ!

ಆಮೇಲೆ ಕನ್ನಡಿ ಬಿಚ್ಚಬೇಕು. ಬೆಂಗಳೂರಿನ ಕೆಲವು ಸವಾರರಿಗೆ ಇದೇನೂ ಹೊಸದಲ್ಲ ಬಿಡಿ. ಆದರೆ ಟ್ರ್ಯಾಕಿನಲ್ಲಿ ಅದಕ್ಕೊಂದು ನ್ಯಾಯವಿದೆ: ಜಾಗ ನೋಡಿ ದಾಟುವ ಹೊಣೆ ಹಿಂದಿನವನದು, ಮುಂದಿನವನು ಗಾಬರಿಯಿಂದ ಪಕ್ಕಕ್ಕೆ ಸರಿಯಬಾರದು. ಲಗೂನಾ ಸೆಕಾದ ‘ಕಾರ್ಕ್‌ಸ್ಕ್ರೂ’ ತಿರುವಿನಲ್ಲಂತೂ ನೆಲ ಐದು ಮಹಡಿಯಷ್ಟು ಧುಮುಕುತ್ತದೆ. ಹೊಸಬರನ್ನು ತರಬೇತುದಾರರು ಮೊದಲು ಅಲ್ಲಿ ನಿಧಾನವಾಗಿಯೇ ಇಳಿಸುತ್ತಾರೆ.